ಪಂದ್ಯದ ಚಿತ್ರವೂ ಹಣದ ಕೊರತೆಯೂ: ‘ರೋಬಾಟ್ ಜಾಕ್ಸ್’ ಕುರಿತು ಒಂದು ಪರಿಶೀಲನೆ

ಚಲಚ್ಚಿತ್ರವೊಂದು ಸೋತರೆ ಅದಕ್ಕೆ ಹಣ ಸಾಲದೆ ಹೋಯಿತೆಂದು ಹೇಳಿ ಮಾತು ಮುಗಿಸುವುದು ವಾಡಿಕೆಯಾಗಿದೆ. ಹಣ ಯಥೇಚ್ಛವಾಗಿದ್ದೂ ಸೋತ ಚಿತ್ರಗಳುಂಟು. ಬರಿಗೈಯಲ್ಲಿ ಹೊರಟು ಗೆದ್ದ ಚಿತ್ರಗಳೂ ಉಂಟು. ಆದುದರಿಂದ ಆ ಉತ್ತರ ನಮ್ಮನ್ನು ಹೆಚ್ಚು ದೂರ ಕೊಂಡೊಯ್ಯಲಾರದು. ಹಣದ ಕೊರತೆ ಒಂದು ಕೃತಿಯ ಯಾವ ಅಂಗವನ್ನು ಮೊದಲು ತಿನ್ನುತ್ತದೆ, ಎಂತಹ ಕಥಾವಸ್ತುವಿಗೆ ಆ ಅಂಗ ಪ್ರಾಣಸ್ವರೂಪವಾದುದು ಎಂದು ಕೇಳುವುದು ಹೆಚ್ಚು ಫಲಕಾರಿ. ಸಾಹಸಕ್ರೀಡೆಯನ್ನೇ ವಸ್ತುವಾಗಿ ಉಳ್ಳ ಚಿತ್ರಗಳಲ್ಲಿ ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರ ದೊರೆಯುತ್ತದೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಉದಾಹರಣೆಗಾಗಿ ಆರಿಸಿಕೊಂಡಿರುವುದು ಸ್ಟುವರ್ಟ್ ಗಾರ್ಡನ್ ನಿರ್ದೇಶಿಸಿ, 1990ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ರೋಬಾಟ್ ಜಾಕ್ಸ್’ ಎಂಬ ಚಿತ್ರ.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಇಂತಹ ಚಿತ್ರದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಶೀತಲಯುದ್ಧದ ಕಾಲದ ಜನಮನವನ್ನು ಕುರಿತ ಪಾಠವೊಂದರ ಅಂಗವಾಗಿ ಈ ಚಿತ್ರವನ್ನು ನಮ್ಮ ಸ್ನಾತಕೋತ್ತರ ತರಗತಿಯಲ್ಲಿ ತೋರಿಸಲಾಯಿತು. ಕಥೆಯ ಮಧ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರೇಕ್ಷಕರು ಸಾಯುವ ಒಂದು ಸನ್ನಿವೇಶವಿದೆ. ಅದು ಬಂದಾಗ ವಿದ್ಯಾರ್ಥಿಗಳು ನಕ್ಕರು. ಅವರು ಕಠಿಣ ಹೃದಯದವರಲ್ಲ. ಅದಕ್ಕೆ ಹಿಂದಿನ ವಾರವೇ ಹಿರೋಷಿಮದ ಛಾಯಾಚಿತ್ರಗಳನ್ನು ನೋಡಿ ಮೌನವಾಗಿದ್ದವರು. ಸಾವಿನ ದೃಶ್ಯ ನಗೆಯನ್ನು ತರಿಸಿತೆಂದರೆ ಎಲ್ಲಿಯೋ ಯಾವುದೋ ಒಂದು ಕೊಂಡಿ ಕಳಚಿರಬೇಕು. ಆ ಕೊಂಡಿ ಯಾವುದೆಂದು ಹುಡುಕಿದ ಪ್ರಯತ್ನವೇ ಈ ಲೇಖನ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅಣುಯುದ್ಧವೊಂದು ಮುಗಿದು ಐವತ್ತು ವರ್ಷಗಳಾಗಿವೆ. ಉಳಿದಿರುವ ಅಲ್ಪ ಜನತೆಗೆ ಇನ್ನೊಂದು ಯುದ್ಧವನ್ನು ತಾಳುವ ಶಕ್ತಿಯಿಲ್ಲ. ಆದುದರಿಂದ ಯುದ್ಧ ನಿಷಿದ್ಧವಾಗಿದೆ. ಪಾಶ್ಚಾತ್ಯ ರಾಷ್ಟ್ರಗಳನ್ನು ಹೋಲುವ ‘ಮಾರ್ಕೆಟ್’ ಒಂದು ಕಡೆ, ರಷ್ಯವನ್ನು ಹೋಲುವ ‘ಕಾನ್ಫೆಡರೇಷನ್’ ಇನ್ನೊಂದು ಕಡೆ. ಇವುಗಳ ನಡುವಣ ಭೂವ್ಯಾಜ್ಯಗಳು ಪಂದ್ಯದ ಕಣದಲ್ಲಿ ತೀರ್ಮಾನವಾಗುತ್ತವೆ. ಒಂದೊಂದು ಪಕ್ಷಕ್ಕೂ ಒಬ್ಬ ಮಲ್ಲ. ಅವನು ಬಹುಮಹಡಿ ಕಟ್ಟಡದಷ್ಟು ಎತ್ತರದ ಯಂತ್ರಮಾನವನೊಳಗೆ ನಿಂತು ಅದನ್ನು ನಡೆಸುತ್ತಾನೆ. ತೀರ್ಪುಗಾರರಿದ್ದಾರೆ, ನಿಯಮಗಳಿವೆ, ಪ್ರೇಕ್ಷಕರ ಅಟ್ಟಣೆಯಿದೆ. ಈ ಸಲದ ಪಣ ಅಲಾಸ್ಕ ಪ್ರಾಂತ. ಮಾರ್ಕೆಟ್ ಪಕ್ಷದ ಮಲ್ಲನಾದ ಅಕಿಲೀಸನು ಕಾನ್ಫೆಡರೇಷನ್ನಿನ ಅಲೆಗ್ಸಾಂಡರನೊಡನೆ ಹೋರಾಡುತ್ತಿರುವಾಗ ಎದುರಾಳಿ ಹಾರಿಸಿದ ಅಸ್ತ್ರವೊಂದು ದಾರಿತಪ್ಪಿ ಪ್ರೇಕ್ಷಕರತ್ತ ಸಾಗುತ್ತದೆ. ಅದನ್ನು ತಡೆಯಲು ಅಡ್ಡಬಂದ ಅಕಿಲೀಸನ ಯಂತ್ರವೇ ಪೆಟ್ಟು ತಿಂದು ಅಟ್ಟಣೆಯ ಮೇಲೆ ಬೀಳುತ್ತದೆ. ರಕ್ಷಿಸಲು ಹೋದವನೇ ಕೊಲ್ಲುವವನಾಗುತ್ತಾನೆ. ತೀರ್ಪುಗಾರರು ಪಂದ್ಯ ಸಮವೆಂದು ಸಾರಿ ಮರುಪಂದ್ಯಕ್ಕೆ ಅಪ್ಪಣೆ ಮಾಡುತ್ತಾರೆ. ಹತ್ತು ಪಂದ್ಯಗಳ ಕರಾರು ಮುಗಿಯಿತೆಂದು ಅಕಿಲೀಸನು ಕಣವನ್ನು ಬಿಡುತ್ತಾನೆ. ನಿನ್ನೆಯವರೆಗೆ ಜಯಕಾರ ಮಾಡಿದವರು ಅವನನ್ನು ಹೇಡಿಯೆನ್ನುತ್ತಾರೆ.

ವಸ್ತು ಸಾಮಾನ್ಯವಾದುದಲ್ಲ. ಸೇನೆಗಳ ಬದಲಿಗೆ ವೀರರಿಬ್ಬರೇ ಹೋರಾಡಲಿ ಎಂಬ ಆಲೋಚನೆ ಬಹು ಪ್ರಾಚೀನವಾದುದು. ಕನ್ನಡ ವಾಚಕರಿಗೆ ಪಂಪನ ‘ಆದಿಪುರಾಣ’ದ ಭರತ ಬಾಹುಬಲಿಯರ ಪ್ರಸಂಗ ಒಡನೆಯೇ ನೆನಪಾಗುತ್ತದೆ, ಸೈನ್ಯಗಳ ನಾಶವನ್ನು ತಪ್ಪಿಸಲೆಂದು ಅಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆಯುತ್ತವೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಇನ್ನೊಂದು ವೃತ್ತಾಂತವನ್ನು ಕೊಟ್ಟಿದ್ದಾನೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಮಧ್ಯದಲ್ಲಿ ಥೈರಿಯ ಪ್ರದೇಶಕ್ಕಾಗಿ ಸ್ಪಾರ್ಟದವರೂ ಆರ್ಗಾಸಿನವರೂ ತಲಾ 300 ಮಂದಿಯನ್ನು ಕಣಕ್ಕಿಳಿಸಿದರು. ಕೊನೆಗೆ ಆರ್ಗಾಸಿನ ಇಬ್ಬರೂ ಸ್ಪಾರ್ಟದ ಒಬ್ಬನೂ ಉಳಿದರು. ಆ ಇಬ್ಬರು ತಾವು ಗೆದ್ದೆವೆಂದು ಊರಿಗೆ ಓಡಿದರು. ಒಬ್ಬನು ಮಾತ್ರ ಕಣದಲ್ಲಿ ನಿಂತಿದ್ದನು. ಗೆದ್ದವರಾರೆಂಬ ವಾದ ಹತ್ತಿ, ಯಾವುದನ್ನು ತಪ್ಪಿಸಲು ಪಂದ್ಯವಿಟ್ಟಿದ್ದರೋ ಆ ಸೇನಾಯುದ್ಧವೇ ನಡೆದುಹೋಯಿತು. ನಿಯಮ ಸ್ಪಷ್ಟವಾಗಿಲ್ಲದ ಪಂದ್ಯ ಯುದ್ಧವನ್ನು ತಡೆಯಲಾರದು. ‘ರೋಬಾಟ್ ಜಾಕ್ಸ್’ನ ಕಥೆಯೊಳಗೆ ಹುದುಗಿರುವ ಪ್ರಶ್ನೆಯೂ ಇದೇ.

ಚಿತ್ರಕಥೆಯನ್ನು ಬರೆದ ಜೋ ಹಾಲ್ಡ್‌ಮನ್ ವಿಯೆಟ್ನಾಮಿನಲ್ಲಿ ಗಾಯಗೊಂಡು ಮರಳಿದ ಸೈನಿಕ. 1974ರಲ್ಲಿ ಪ್ರಕಟವಾದ ‘ದಿ ಫಾರ್‌ಎವರ್ ವಾರ್’ ಕಾದಂಬರಿಯಿಂದ ಹೆಸರಾದವನು. ಗಾರ್ಡನ್ ಷಿಕಾಗೋವಿನ ಆರ್ಗ್ಯಾನಿಕ್ ಥಿಯೇಟರಿನ ನಾಟಕಕಾರ. ಆ ಕಾದಂಬರಿಯನ್ನು ರಂಗಕ್ಕೆ ತಂದವನು. ಚಿತ್ರರಂಗದಲ್ಲಿ 1985ರ ‘ರೀ-ಆನಿಮೇಟರ್’ ಎಂಬ ಭಯಾನಕ ಚಿತ್ರವನ್ನು ಹತ್ತು ಲಕ್ಷ ಡಾಲರಿಗೂ ಕಡಮೆ ವೆಚ್ಚದಲ್ಲಿ ಮಾಡಿ ಗೆದ್ದಿದ್ದನು. ಯಂತ್ರಗಳ ಹೊಣೆ ಹೊತ್ತ ಡೇವಿಡ್ ಆಲೆನ್ ಮಾದರಿಗಳನ್ನು ಚಲಿಸುವಂತೆ ತೋರಿಸುವ ಕಲೆಯಲ್ಲಿ ಪಳಗಿದವನು. ಇಂತಹ ಮೂವರು ಒಂದುಗೂಡುವುದು ದೊಡ್ಡ ಸಂಸ್ಥೆಗಳಲ್ಲಿಯೂ ಅಪರೂಪ. ಪ್ರತಿಭೆಯ ಅಭಾವದಿಂದ ಚಿತ್ರ ಕುಂದಿತೆಂದು ಹೇಳುವಂತಿಲ್ಲ.

ನಿರ್ಮಾಣ ಮಾಡಿದುದು ಚಾರ್ಲ್ಸ್ ಬ್ಯಾಂಡ್ ಎಂಬವನ ಎಂಪೈರ್ ಪಿಕ್ಚರ್ಸ್ ಸಂಸ್ಥೆ. ಅಲ್ಪವೆಚ್ಚದ ಚಿತ್ರಗಳನ್ನು ಬೇಗಬೇಗನೆ ತಯಾರಿಸಿ ಮಾರುವುದು ಅದರ ವ್ಯಾಪಾರ. ಡೀನೊ ದೆ ಲಾರೆಂಟಿಸ್ ರೋಮಿನ ಹೊರವಲಯದಲ್ಲಿ ಕಟ್ಟಿಸಿದ್ದ ಸ್ಟುಡಿಯೋ ಈ ಸಂಸ್ಥೆಯ ವಶಕ್ಕೆ ಬಂದಿತ್ತು. ಯಂತ್ರಮಾನವರ ಚಿತ್ರಕ್ಕೆ ಹಣ ಹೆಚ್ಚು ಬೇಕಾಗುವುದೆಂದು ಬ್ಯಾಂಡ್ ಮೊದಲು ಹಿಂಜರಿದನು. ಆಮೇಲೆ ಒಪ್ಪಿದನು. ವೆಚ್ಚವನ್ನು ಸಾಮಾನ್ಯವಾಗಿ ಒಂದು ಕೋಟಿ ಡಾಲರುಗಳವರೆಗೆ ಹೇಳುವುದುಂಟು. ಎಂಪೈರ್ ಸಂಸ್ಥೆಗೆ ಇದು ಹಿಂದೆಂದೂ ಕಾಣದ ಮೊತ್ತ. ರಷ್ಯವು 1867ರಲ್ಲಿ ಅಮೆರಿಕಕ್ಕೆ ಅಲಾಸ್ಕವನ್ನು ಮಾರಿದ್ದು 72 ಲಕ್ಷ ಡಾಲರಿಗೆ. ಅದೇ ಅಲಾಸ್ಕಕ್ಕಾಗಿ ನಡೆಯುವ ಪಂದ್ಯದ ಚಿತ್ರಕ್ಕೆ ತಗುಲಿದ ಖರ್ಚು ಅಂಕಿಯಲ್ಲಿ ಅದರ ಆಸುಪಾಸಿನದೇ ಎಂಬುದು ಒಂದು ವಿನೋದ.

ಇಷ್ಟು ಹಣವನ್ನು ಕೊರತೆಯೆನ್ನಬಹುದೆ? ‘ರೋಬೋಕಾಪ್’ ಎಂಬ 1987ರ ಚಿತ್ರದ ವೆಚ್ಚ ಸುಮಾರು ಒಂದು ಕೋಟಿ ಮೂವತ್ತು ಲಕ್ಷ. ಎರಡಕ್ಕೂ ಅಂತರ ಬಹಳವಿಲ್ಲ. ಆದರೆ ‘ರೋಬೋಕಾಪ್’ನಲ್ಲಿ ದೊಡ್ಡ ಯಂತ್ರ ಕಾಣಿಸಿಕೊಳ್ಳುವುದು ಕೆಲವೇ ಸನ್ನಿವೇಶಗಳಲ್ಲಿ, ಉಳಿದುದು ಕವಚ ತೊಟ್ಟ ಒಬ್ಬ ನಟ, ಒಂದು ನಗರ. ಹಣವೆಲ್ಲವನ್ನೂ ಆ ಕೆಲವು ಕ್ಷಣಗಳ ಮೇಲೆ ಸುರಿಯಲು ಅಲ್ಲಿ ಅನುಕೂಲವಿತ್ತು. ‘ರೋಬಾಟ್ ಜಾಕ್ಸ್’ನಲ್ಲಿಯೋ ಯಂತ್ರಗಳ ಕಾಳಗವೇ ಕಥೆ. ಬಡತನವೆಂಬುದು ಕೈಯಲ್ಲಿರುವ ಮೊತ್ತದಿಂದ ಮಾತ್ರ ಅಳೆಯತಕ್ಕದ್ದಲ್ಲ. ಕೊಟ್ಟ ಮಾತಿಗೂ ಕೈಯಲ್ಲಿರುವ ಮೊತ್ತಕ್ಕೂ ಇರುವ ಅಂತರವನ್ನು ನೋಡಬೇಕು.

ಆಲೆನ್ ಎದುರಿಸಿದ ಕಷ್ಟವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅಗತ್ಯ. ಏಕೆಂದರೆ ವಿದ್ಯಾರ್ಥಿಗಳ ನಗೆಯ ಮೂಲ ಒಂದಂಶಕ್ಕೆ ಇಲ್ಲಿಯೇ ಇದೆ. ಚಿಕ್ಕ ಮಾದರಿಯನ್ನು ದೊಡ್ಡ ಯಂತ್ರವೆಂದು ನಂಬಿಸಬೇಕಾದರೆ ಅದಕ್ಕೆ ತೂಕವಿರುವಂತೆ ಕಾಣಬೇಕು. ಎತ್ತರದಿಂದ ವಸ್ತು ಬೀಳಲು ಹಿಡಿಯುವ ಕಾಲ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನಿಜವಸ್ತುವಿನ ಇಪ್ಪತ್ತೈದನೆಯ ಒಂದರಷ್ಟಿರುವ ಮಾದರಿ ನಿಜವಸ್ತುವಿಗಿಂತ ಐದು ಪಾಲು ಬೇಗ ಬಿದ್ದುಬಿಡುತ್ತದೆ. ಆದುದರಿಂದ ಕ್ಯಾಮರಾವನ್ನು ಐದು ಪಾಲು ವೇಗವಾಗಿ, ಎಂದರೆ ಸೆಕೆಂಡಿಗೆ 24ರ ಬದಲು 120 ಚಿತ್ರಗಳಂತೆ ಓಡಿಸಬೇಕು. ಅದನ್ನು ತೆರೆಯ ಮೇಲೆ ಸಾಮಾನ್ಯ ವೇಗದಲ್ಲಿ ಬಿಟ್ಟಾಗ ಬೀಳುವ ಯಂತ್ರ ಭಾರವಾಗಿ, ನಿಧಾನವಾಗಿ, ಭಯಂಕರವಾಗಿ ಬೀಳುತ್ತದೆ. ಆದರೆ ವೇಗ ಹೆಚ್ಚಿದಷ್ಟೂ ಒಂದೊಂದು ಚಿತ್ರಕ್ಕೆ ಸಿಗುವ ಬೆಳಕು ಕಡಮೆ. ಇದರ ಮೇಲೆ, ಹತ್ತಿರದ ಮಾದರಿಯೂ ದೂರದ ಹಿನ್ನೆಲೆಯೂ ಒಟ್ಟಿಗೆ ಸ್ಫುಟವಾಗಿ ಮೂಡಬೇಕಾದರೆ ಮಸೂರದ ದ್ವಾರವನ್ನು ಕಿರಿದು ಮಾಡಬೇಕು. ಆಗ ಬೆಳಕು ಇನ್ನೂ ಹೆಚ್ಚು ಬೇಕು. ಸ್ಟುಡಿಯೋದೊಳಗೆ ಅಷ್ಟು ದೀಪಗಳನ್ನು ಉರಿಸುವುದು ಸಿರಿವಂತರ ಕೆಲಸ.

ಆಲೆನ್ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಎಲ್ ಮಿರಾಜ್ ಎಂಬ ಒಣಸರೋವರದ ಬಯಲಿಗೆ ಹೋದನು. ಅಲ್ಲಿ ಮಾದರಿಗಳನ್ನು ಕ್ಯಾಮರಾದ ಸಮೀಪದಲ್ಲಿ ನಿಲ್ಲಿಸಿ, ಹಿಂದೆ ನಿಜವಾದ ಬೆಟ್ಟಸಾಲೂ ನಿಜವಾದ ಆಕಾಶವೂ ಬರುವಂತೆ ಚಿತ್ರಿಸಿದನು. ಉಪಾಯ ಉತ್ತಮವಾದುದೇ. ಬಿಸಿಲಿನಲ್ಲಿ ಮಿರುಗುವ ಲೋಹ, ಕಾಲಡಿಯಲ್ಲಿ ಏಳುವ ಧೂಳು, ದಿಗಂತದವರೆಗಿನ ಬಯಲು ಇವು ಕೂಡಿದ ಕೆಲವು ದೃಶ್ಯಗಳು ಇಂದಿಗೂ ಮೆಚ್ಚತಕ್ಕವು. ಆದರೆ ಸೂರ್ಯನು ಕೂಲಿ ಕೇಳದಿದ್ದರೂ ಕರೆದ ಹೊತ್ತಿಗೆ ಬರುವವನಲ್ಲ. ಗಾಳಿಮಳೆಗಳಿಂದ ಕೆಲಸ ನಿಂತು ನಿಂತು ಸಾಗಿತು. ಬಯಲಿನಲ್ಲಿ ಮಾಡಲಾಗದ ಚಲನೆಗಳಿಗೆ ಮಾದರಿಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆಯುವ ಹಳೆಯ ಕ್ರಮವನ್ನು ಅನುಸರಿಸಬೇಕಾಯಿತು. ಈ ಕ್ರಮದಲ್ಲಿ ಚಲನೆ ಬಿಡಿಬಿಡಿಯಾಗಿ, ತುಸು ಕುಕ್ಕಿದಂತೆ ಕಾಣುತ್ತದೆ. ಹೀಗೆ ಒಂದೇ ಪಂದ್ಯದಲ್ಲಿ ಒಂದು ಕ್ಷಣ ಭಾರವಾದ ಯಂತ್ರ, ಮರುಕ್ಷಣ ಹಗುರವಾದ ಆಟಿಕೆ. ಕಣ್ಣು ನಂಬುತ್ತಲೂ ನಂಬಿಕೆಯನ್ನು ಹಿಂತೆಗೆದುಕೊಳ್ಳುತ್ತಲೂ ಇರುತ್ತದೆ.

ಇಷ್ಟೇ ಆಗಿದ್ದರೆ ವಿದ್ಯಾರ್ಥಿಗಳು ಕ್ಷಮಿಸುತ್ತಿದ್ದರೆಂದು ನನ್ನ ನಂಬಿಕೆ. ಮಾದರಿಗಳ ಕುಕ್ಕುನಡೆಯನ್ನು ಹಳೆಯ ಚಿತ್ರಗಳಲ್ಲಿ ಎಲ್ಲರೂ ಪ್ರೀತಿಯಿಂದಲೇ ಸಹಿಸುತ್ತಾರೆ. ಹೆಚ್ಚಿನ ನಷ್ಟವಾದುದು ಬೇರೆಡೆಯಲ್ಲಿ. ಯುದ್ಧದ ಚಿತ್ರ, ಕೊಲೆಯ ಚಿತ್ರ, ಭೂತದ ಚಿತ್ರ ಇವು ಕತ್ತಲೆಯನ್ನು ಆಶ್ರಯಿಸಬಲ್ಲವು. ಕಾಣದಿರುವುದು ಅಲ್ಲಿ ಭಯವನ್ನು ಹೆಚ್ಚಿಸುತ್ತದೆ. ಗಾರ್ಡನ್ ತನ್ನ ಭಯಾನಕ ಚಿತ್ರವನ್ನು ಅಲ್ಪಹಣದಲ್ಲಿ ಸಾಧಿಸಿದ್ದು ಆಸ್ಪತ್ರೆಯ ಕೆಲವು ಕೋಣೆಗಳೊಳಗೆ. ಪಂದ್ಯಕ್ಕೆ ಆ ಆಶ್ರಯವಿಲ್ಲ. ಪಂದ್ಯವೆಂಬುದು ಹಗಲಿನಲ್ಲಿ, ಅಳತೆಯುಳ್ಳ ಕಣದಲ್ಲಿ, ಎಲ್ಲರೂ ತಿಳಿದ ನಿಯಮದಂತೆ, ಸಾಕ್ಷಿಗಳಾದ ಜನರ ಮುಂದೆ ನಡೆಯತಕ್ಕದ್ದು. ಸಾಕ್ಷಿಗಳಿಲ್ಲದ ಪಂದ್ಯ ಬರಿಯ ಹೊಡೆದಾಟ. ‘ರೋಬಾಟ್ ಜಾಕ್ಸ್’ನಲ್ಲಿ ಈ ಸಾಕ್ಷಿಗಳೇ ಬಡವಾಗಿದ್ದಾರೆ. ಎರಡು ಮಹಾರಾಷ್ಟ್ರಗಳ ಭವಿಷ್ಯ ತೀರ್ಮಾನವಾಗುವ ಕಣದಲ್ಲಿ ಜನಸಾಗರವಿಲ್ಲ. ಸಣ್ಣದೊಂದು ಅಟ್ಟಣೆಯಲ್ಲಿ ಕೆಲವು ಸಾಲುಗಳ ಜನ. ಯಂತ್ರಗಳೂ ಜನರೂ ಒಂದೇ ಚೌಕಟ್ಟಿನಲ್ಲಿ ಕಾಣುವುದು ಅಪರೂಪ. ಯಂತ್ರವನ್ನು ತೋರಿಸಿ, ಆಮೇಲೆ ಜನರನ್ನು ತೋರಿಸಿ, ಇವೆರಡೂ ಒಂದೇ ಜಾಗದಲ್ಲಿವೆಯೆಂದು ನಾವೇ ಊಹಿಸಿಕೊಳ್ಳುವಂತೆ ಮಾಡಲಾಗಿದೆ. ಯಂತ್ರ ಬಿದ್ದಾಗ ಅದು ಒಂದು ಮಾದರಿಯ ಮೇಲೆ ಬೀಳುತ್ತದೆ. ಅಲ್ಲಿ ಕುಳಿತವರನ್ನು ನಾವು ಕಂಡಿಲ್ಲ. ಕಾಣದವರಿಗಾಗಿ ಮರುಗುವುದು ಹೇಗೆ? ಅಕಿಲೀಸನ ಪಶ್ಚಾತ್ತಾಪಕ್ಕೆ ಕಾರಣವಾದ ಘಟನೆ ತೆರೆಯ ಮೇಲೆ ನಡೆಯದಿದ್ದ ಮೇಲೆ ಆ ಪಶ್ಚಾತ್ತಾಪ ನಟನ ಮುಖದ ಮೇಲಿನ ಒಂದು ಭಾವವಾಗಿ ಉಳಿಯುತ್ತದೆ. ನಟ ಗ್ಯಾರಿ ಗ್ರಹಾಂ ಅದನ್ನು ಪ್ರಾಮಾಣಿಕವಾಗಿಯೇ ಅಭಿನಯಿಸಿದ್ದಾನೆ. ನೋಡುಗರು ನಕ್ಕಿದ್ದು ಅದಕ್ಕೂ ಮುಂಚೆಯೇ.

ನಿಯಮಗಳ ವಿಷಯವೂ ಹೀಗೆಯೇ. ನಿಯಮಗಳನ್ನು ನೋಡುಗನಿಗೆ ಕಲಿಸಬೇಕಾದರೆ ನಿಯಮದಂತೆ ನಡೆದ ಒಂದು ಪಂದ್ಯವನ್ನಾದರೂ ಮೊದಲು ಪೂರ್ತಿಯಾಗಿ ತೋರಿಸಬೇಕು. ನಿಮಿಷ ನಿಮಿಷಕ್ಕೂ ವೆಚ್ಚವಾಗುವ ಕಾಳಗವನ್ನು ಪಾಠಕ್ಕಾಗಿ ಖರ್ಚುಮಾಡುವ ಶಕ್ತಿ ಈ ಚಿತ್ರಕ್ಕಿರಲಿಲ್ಲ. ಆದುದರಿಂದ ನಿಯಮ ಮುರಿದಾಗ ಏನು ಮುರಿಯಿತೆಂದು ತಿಳಿಯುವುದಿಲ್ಲ. ಕೊನೆಯ ಪಂದ್ಯದಲ್ಲಿ ಅಲೆಗ್ಸಾಂಡರನು ತೀರ್ಪುಗಾರರ ಮಾತನ್ನೇ ಧಿಕ್ಕರಿಸುತ್ತಾನೆ. ಥೈರಿಯದ ಕಥೆಯಂತೆ ಇಲ್ಲಿ ಎದೆ ನಡುಗಬೇಕಾಗಿತ್ತು. ಪಂದ್ಯ ಯುದ್ಧವಾಗಿ ತಿರುಗುವ ಕ್ಷಣ ಅದು. ಚಿತ್ರದಲ್ಲಿ ಅದು ಇನ್ನೊಂದು ಸ್ಫೋಟವಾಗಿ ಕಳೆದುಹೋಗುತ್ತದೆ.

ಹೋಲಿಕೆಗಾಗಿ ನಾರ್ಮನ್ ಜೂಯಿಸನ್ 1975ರಲ್ಲಿ ನಿರ್ದೇಶಿಸಿದ ‘ರೋಲರ್‌ಬಾಲ್’ ಚಿತ್ರವನ್ನು ನೋಡಬೇಕು. ವಿಲಿಯಂ ಹ್ಯಾರಿಸನ್ನನ ಸಣ್ಣಕಥೆಯೊಂದು ಇದರ ಮೂಲ. ಇಲ್ಲಿಯೂ ಯುದ್ಧಗಳು ಮುಗಿದುಹೋದ ಭವಿಷ್ಯ. ರಾಷ್ಟ್ರಗಳ ಸ್ಥಾನದಲ್ಲಿ ವ್ಯಾಪಾರಸಂಸ್ಥೆಗಳಿವೆ. ಜನರ ಆವೇಶಕ್ಕೆ ದಾರಿಯಾಗಿ ಒಂದು ಕ್ರೂರ ಕ್ರೀಡೆಯಿದೆ. ಅರವತ್ತು ಲಕ್ಷ ಡಾಲರಿಗೆ ಮೀರದ ಆ ಚಿತ್ರದಲ್ಲಿ ಹಣ ಎಲ್ಲಿ ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಮ್ಯೂನಿಕ್ ನಗರದಲ್ಲಿ 1972ರ ಒಲಿಂಪಿಕ್ ಕ್ರೀಡೆಗಳಿಗಾಗಿ ಕಟ್ಟಿದ್ದ ಬ್ಯಾಸ್ಕೆಟ್‌ಬಾಲ್ ಸಭಾಂಗಣದಲ್ಲಿ ಇಳಿಜಾರಾದ ವೃತ್ತಾಕಾರದ ಓಟದ ಹಾದಿಯನ್ನು ನಿರ್ಮಿಸಿದರು. ನಿಜವಾದ ಕಣ, ನಿಜವಾದ ಆಸನಗಳು, ಗಾಲಿಪಾದುಕೆ ತೊಟ್ಟ ನಿಜವಾದ ಸಾಹಸಿಗರು. ಚಿತ್ರೀಕರಣದ ಬಿಡುವಿನಲ್ಲಿ ಸಾಹಸಿಗರು ಆ ಕಲ್ಪಿತ ಆಟವನ್ನು ತಾವೇ ಆಡುತ್ತಿದ್ದರಂತೆ! ಸಾಹಸಿಗರ ಹೆಸರುಗಳನ್ನು ತೆರೆಯ ಮೇಲೆ ಹಾಕಿದುದಕ್ಕಾಗಿಯೂ ಈ ಚಿತ್ರ ಸ್ಮರಣೀಯ. ಚಿತ್ರದಲ್ಲಿ ಮೂರು ಪಂದ್ಯಗಳಿವೆ. ಮೊದಲನೆಯದರಲ್ಲಿ ನಿಯಮಗಳನ್ನು ಕಲಿಯುತ್ತೇವೆ. ಎರಡನೆಯದರಲ್ಲಿ ತಪ್ಪಿಗೆ ದಂಡವಿಲ್ಲ. ಮೂರನೆಯದರಲ್ಲಿ ದಂಡವೂ ಇಲ್ಲ, ಬದಲಿ ಆಟಗಾರನೂ ಇಲ್ಲ, ಕಾಲದ ಮಿತಿಯೂ ಇಲ್ಲ. ಒಂದೊಂದು ನಿಯಮ ಬಿದ್ದಂತೆಲ್ಲ ಕ್ರೀಡೆ ಹೇಗೆ ಕೊಲೆಯಾಗುವುದೆಂದು ನೋಡುಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಇದು ಕಥನದ ಜಾಣ್ಮೆಯೆಂಬುದು ನಿಜ. ಆದರೆ ಮೂರು ಪಂದ್ಯಗಳನ್ನು ತೋರಿಸುವಷ್ಟು ಅನುಕೂಲವಿದ್ದುದರಿಂದಲೇ ಆ ಜಾಣ್ಮೆ ಕೈಗೂಡಿತು.

ಅದೇ 1975ರಲ್ಲಿ ರಾಜರ್ ಕಾರ್ಮನ್ ನಿರ್ಮಿಸಿ ಪಾಲ್ ಬಾರ್ಟೆಲ್ ನಿರ್ದೇಶಿಸಿದ ‘ಡೆತ್ ರೇಸ್ 2000’ ಹೊರಬಂದಿತು. ಖಂಡವನ್ನು ಅಡ್ಡಹಾಯುವ ಮೋಟಾರು ಪಂದ್ಯ. ದಾರಿಯಲ್ಲಿ ಕೊಂದ ಪಾದಚಾರಿಗಳಿಗೆ ಅಂಕಗಳು. ‘ರೋಲರ್‌ಬಾಲ್’ನ ವೆಚ್ಚದ ಹತ್ತರಲ್ಲೊಂದು ಪಾಲಿನೊಳಗೆ ಇದನ್ನು ಮುಗಿಸಿದರು. ಇಲ್ಲಿ ಕೊರತೆ ಏಕೆ ಕೆಡಿಸಲಿಲ್ಲ? ಕಾರ್ಮನ್ ಲೆಕ್ಕಬಲ್ಲ ಮನುಷ್ಯ. ಪಂದ್ಯದ ಕಣ ಸಾಮಾನ್ಯ ರಸ್ತೆಯೇ ಆದುದರಿಂದ ಕಟ್ಟುವ ಖರ್ಚಿಲ್ಲ. ಜನಸಮೂಹದ ಉತ್ಸಾಹವನ್ನು ಬಹುಮಟ್ಟಿಗೆ ದೂರದರ್ಶನದ ವೀಕ್ಷಕವಿವರಣೆಗಾರರ ಬಾಯಿಂದ ಕೇಳಿಸಿದರು. ನಮ್ಮ ಸಂಸ್ಕೃತ ನಾಟಕಕಾರರಿಗೆ ಈ ಮಾರ್ಗ ಹೊಸದಲ್ಲ. ಭಾಸನ ‘ಊರುಭಂಗ’ದಲ್ಲಿ ಭೀಮ ದುರ್ಯೋಧನರ ಗದಾಯುದ್ಧವನ್ನು ಮೂವರು ಭಟರು ವರ್ಣಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಮನ್ನನ ಚಿತ್ರ ಹಾಸ್ಯಚಿತ್ರ. ನೋಡುಗ ನಗಲಿ ಎಂಬುದೇ ಅದರ ಉದ್ದೇಶವಾದುದರಿಂದ ತಗಡಿನ ಕಾರುಗಳು ನಗೆ ಬರಿಸಿದರೆ ಅದು ಲಾಭವೇ. ಗಾರ್ಡನ್ ಹಾಲ್ಡ್‌ಮನ್‌ರಿಗೆ ಆ ಬಾಗಿಲು ತೆರೆದಿರಲಿಲ್ಲ. ಮುನ್ನೂರು ಜನರ ಸಾವನ್ನು ಅವರು ಗಂಭೀರವಾಗಿಯೇ ಹೇಳಬಯಸಿದ್ದರು.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ನನಗೆ ಪ್ರಿಯವಾದುದು. ರಿಚರ್ಡ್ ಮ್ಯಾಥೆಸನ್ 1956ರಲ್ಲಿ ಬರೆದ ‘ಸ್ಟೀಲ್’ ಎಂಬ ಕಥೆಯನ್ನು ‘ಟ್ವಿಲೈಟ್ ಝೋನ್’ ಎಂಬ ಅಮೆರಿಕದ ದೂರದರ್ಶನ ಮಾಲಿಕೆ 1963ರಲ್ಲಿ ಪ್ರಸಾರ ಮಾಡಿತು. ಮನುಷ್ಯರ ಮುಷ್ಟಿಯುದ್ಧ ನಿಷಿದ್ಧವಾಗಿ ಯಂತ್ರಮಾನವರು ಕಾದಾಡುವ ಕಾಲ. ಹಳೆಯ ಜಟ್ಟಿಯೊಬ್ಬ ತನ್ನ ಸವೆದ ಯಂತ್ರವನ್ನು ಹೊತ್ತುಕೊಂಡು ಸಣ್ಣ ಊರಿಗೆ ಬರುತ್ತಾನೆ, ಯಂತ್ರ ಕೆಟ್ಟುಹೋಗುತ್ತದೆ, ರಿಪೇರಿಗೆ ಹಣವಿಲ್ಲ. ಅವನು ತಾನೇ ಯಂತ್ರದ ವೇಷದಲ್ಲಿ ಕಣಕ್ಕಿಳಿದು ಹೊಡೆಸಿಕೊಳ್ಳುತ್ತಾನೆ. ಒಂದು ಸುತ್ತೂ ನಿಲ್ಲಲಿಲ್ಲವೆಂದು ಗೊತ್ತಾದ ಹಣದಲ್ಲಿ ಅರ್ಧವನ್ನೇ ಕೊಡುತ್ತಾರೆ. ಲೀ ಮಾರ್ವಿನ್ ಆ ಪಾತ್ರವನ್ನು ವಹಿಸಿದ್ದಾನೆ. ಯಂತ್ರಗಳೆಂದರೆ ಮುಖವಾಡ ತೊಟ್ಟ ನಟರು, ಕಣವೆಂದರೆ ಒಂದು ಇಕ್ಕಟ್ಟಾದ ಹಜಾರ, ಪ್ರೇಕ್ಷಕರು ಕೆಲವರು. ಇಲ್ಲಿ ನಗುವವರಿಲ್ಲ. ಕಥೆಯೇ ಬಡವರದು, ಹಜಾರ ಬಡವಾಗಿದ್ದಷ್ಟೂ ಕಥೆ ನಿಜವಾಗುತ್ತದೆ. ಇದೇ ಮೂಲದಿಂದ 2011ರಲ್ಲಿ ‘ರಿಯಲ್ ಸ್ಟೀಲ್’ ಎಂಬ ಚಿತ್ರ ಸುಮಾರು ಹನ್ನೊಂದು ಕೋಟಿ ಡಾಲರುಗಳ ವೆಚ್ಚದಲ್ಲಿ ತಯಾರಾಯಿತು. ಅದರ ಯಂತ್ರಗಳು ನಿರ್ದುಷ್ಟವಾಗಿವೆ, ಸಭಾಂಗಣಗಳು ತುಂಬಿ ತುಳುಕುತ್ತವೆ. ಅರ್ಧ ಗಂಟೆಯ ಹಳೆಯ ರೂಪದ ಕೊನೆಯಲ್ಲಿ ಅರ್ಧ ಸಂಭಾವನೆಯನ್ನು ಎಣಿಸಿಕೊಳ್ಳುವ ಆ ಮನುಷ್ಯ ಮಾತ್ರ ಅದರಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ‘ರೋಬಾಟ್ ಜಾಕ್ಸ್’ನ ದೋಷಗಳೆಲ್ಲ ಹಣದಿಂದ ಬಂದವಲ್ಲ. ಲೇಖಕನಿಗೂ ನಿರ್ದೇಶಕನಿಗೂ ಅಭಿಪ್ರಾಯಭೇದವಿತ್ತು. ಹಾಲ್ಡ್‌ಮನ್ ಪ್ರೌಢರಿಗಾಗಿ, ಪಾತ್ರಗಳ ಅಂತರಂಗವನ್ನು ನೆಚ್ಚಿದ ಕಥೆಯನ್ನು ಬಯಸಿದ್ದನು. ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಮಕ್ಕಳ ಆಟಿಕೆಗಳಿಂದ ಸ್ಫೂರ್ತಿ ಪಡೆದ ಗಾರ್ಡನ್ ಕಿರಿಯರೂ ಆನಂದಿಸಬಲ್ಲ, ರೇಖೆಗಳು ದಪ್ಪವಾದ ಚಿತ್ರವನ್ನು ಬಯಸಿದ್ದನು. ಮುಗಿದ ಚಿತ್ರವನ್ನು ಕಂಡು ಹಾಲ್ಡ್‌ಮನ್ ತೀವ್ರವಾಗಿ ನೊಂದನು. ಗೂಢಚಾರನ ಉಪಕಥೆ ಸುಲಭವಾಗಿ ಊಹಿಸುವಂತಿದೆ. ಮಾತುಗಳು ಕೆಲವೆಡೆ ಬಾಲಿಶವಾಗಿವೆ. ಮಾತನ್ನು ತಿದ್ದಲು ಡಾಲರು ಬೇಡ, ಒಂದು ಪೆನ್ಸಿಲು ಸಾಕು. ಇದನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಇಬ್ಬರ ಚಿತ್ರಗಳಲ್ಲಿ ಯಾವುದನ್ನು ತೆಗೆದರೂ ಆ ಅಟ್ಟಣೆ ಕುಸಿಯಲೇಬೇಕು, ಅದರಲ್ಲಿ ಜನರಿರಲೇಬೇಕು.

ಇತಿಹಾಸದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ನಷ್ಟ ಇನ್ನೂ ಒಂದಿದೆ. ಅದು ತೆರೆಯ ಮೇಲೆ ಕಾಣುವುದಿಲ್ಲ. ನಟರ ಭಾಗವನ್ನು ರೋಮಿನಲ್ಲಿ 1987ರಲ್ಲಿ ಚಿತ್ರೀಕರಿಸಿದರು. ಆಗ ಶೀತಲಯುದ್ಧ ಜೀವಂತವಾಗಿತ್ತು. ರೇಗನ್ ಮತ್ತು ಗೊರ್ಬಚೇವ್ ಮಧ್ಯಮದೂರದ ಅಣ್ವಸ್ತ್ರಗಳ ಒಪ್ಪಂದಕ್ಕೆ ಸಹಿಹಾಕಿದುದು ಅದೇ ವರ್ಷದ ಡಿಸೆಂಬರಿನಲ್ಲಿ. ಎರಡು ಶಿಬಿರಗಳು, ಅವುಗಳ ನಡುವೆ ಅಣುಬಾಂಬು, ಬಾಂಬಿಗೆ ಬದಲಾಗಿ ಪಂದ್ಯ ಎಂಬ ಕಥೆಗೆ ಆ ವರ್ಷದ ನೋಡುಗನಲ್ಲಿ ವಿವರಣೆ ಬೇಕಿರಲಿಲ್ಲ. ಮಾಸ್ಕೋ ಒಲಿಂಪಿಕ್ಸನ್ನು 1980ರಲ್ಲಿ ಅಮೆರಿಕವೂ, ಲಾಸ್ ಏಂಜಲಿಸ್ ಒಲಿಂಪಿಕ್ಸನ್ನು 1984ರಲ್ಲಿ ಸೋವಿಯತ್ ಒಕ್ಕೂಟವೂ ಬಹಿಷ್ಕರಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಕ್ರೀಡೆ ರಾಜಕೀಯವೆಂಬುದನ್ನು ಆ ಪೀಳಿಗೆಗೆ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಮಾದರಿಗಳ ಕೆಲಸ ಎಳೆಯಿತು. ಸಾಲದ ಹೊರೆ ಹೊತ್ತಿದ್ದ ಎಂಪೈರ್ ಸಂಸ್ಥೆ ಆ ದಶಕದ ಕೊನೆಯಲ್ಲಿ ಕುಸಿದುಬಿತ್ತು. ಚಿತ್ರದ ಹಕ್ಕು ಬೇರೆಯವರ ಕೈಸೇರಿ, ಅದು ಅಮೆರಿಕದ ಚಿತ್ರಮಂದಿರಗಳಿಗೆ ಬಂದುದು 1990ರ ನವೆಂಬರಿನಲ್ಲಿ. ಅಷ್ಟರಲ್ಲಿ ಬರ್ಲಿನ್ ಗೋಡೆ ತೆರೆದು ಒಂದು ವರ್ಷವಾಗಿತ್ತು. ಎರಡು ಜರ್ಮನಿಗಳು ಒಂದಾಗಿ ಒಂದು ತಿಂಗಳಾಗಿತ್ತು. ರಷ್ಯದ ಮಲ್ಲನನ್ನು ಕಂಡು ಬೆಚ್ಚಬೇಕಾದ ನೋಡುಗನು ರಷ್ಯದ ಅಂಗಡಿಗಳ ಮುಂದಿನ ಸಾಲುಗಳ ಸುದ್ದಿಯನ್ನು ಓದುತ್ತಿದ್ದನು. ಅಮೆರಿಕದಲ್ಲಿ ಚಿತ್ರಕ್ಕೆ ಬಂದ ಗಳಿಕೆ ಸುಮಾರು 12 ಲಕ್ಷ 70 ಸಾವಿರ ಡಾಲರು. ಹಣವಿದ್ದ ಸಂಸ್ಥೆ ಹತ್ತು ಕೈಗಳನ್ನು ಹೆಚ್ಚಾಗಿ ಹಚ್ಚಿ 1988ರಲ್ಲಿ ಇದನ್ನು ಮುಗಿಸುತ್ತಿತ್ತು. ಕುಂದಿದ ಚಿತ್ರವನ್ನಾದರೂ ಅದರ ಕಾಲದಲ್ಲಿಯೇ ನೋಡಿದ್ದರೆ ಜನ ಕೊರತೆಗಳನ್ನು ತಮ್ಮ ಭಯದಿಂದಲೇ ತುಂಬಿಕೊಳ್ಳುತ್ತಿದ್ದರೋ ಏನೋ. ನಮ್ಮ ತರಗತಿಯ ನಗೆಗೆ ಈ ಅಂಶವನ್ನೂ ಸೇರಿಸಬೇಕು. ಅವರಲ್ಲಿ ಯಾರೂ 1991ಕ್ಕೆ ಮುಂಚೆ ಹುಟ್ಟಿದವರಲ್ಲ.

ಚಿತ್ರದ ಕಡೆಯ ಭಾಗದಲ್ಲಿ ಯಂತ್ರಗಳೆರಡೂ ನಾಶವಾಗುತ್ತವೆ. ಮಲ್ಲರಿಬ್ಬರೂ ಹೊರಬಂದು ಅವಶೇಷಗಳ ನಡುವೆ ಕೈಗೆ ಸಿಕ್ಕಿದುದನ್ನು ಹಿಡಿದು ಹೊಡೆದಾಡುತ್ತಾರೆ. ಸಾಯಬೇಕಾದ ಅಗತ್ಯ ಇಬ್ಬರಿಗೂ ಇಲ್ಲವೆಂದು ಅಕಿಲೀಸನು ಹೇಳುತ್ತಾನೆ. ಅಲೆಗ್ಸಾಂಡರನು ಕೊನೆಗೆ ಆಯುಧವನ್ನು ಎಸೆಯುತ್ತಾನೆ. ಮುಷ್ಟಿಗೆ ಮುಷ್ಟಿ ತಾಗಿಸುತ್ತಾರೆ. ಮಾದರಿಗಳ ಕಾಳಗಕ್ಕೆ ಹೋಲಿಸಿದರೆ ಇದಕ್ಕೆ ಖರ್ಚೇ ಇಲ್ಲ. ತರಗತಿಯಲ್ಲಿ ಆಗ ಯಾರೂ ನಗಲಿಲ್ಲ. ದೀಪ ಹಾಕಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, ಹಾಗಾದರೆ ಅಲಾಸ್ಕ ಯಾರ ಪಾಲಾಯಿತು ಸಾರ್ ಎಂದು ಕೇಳಿದಳು. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಹೆರೊಡೋಟಸನ ಮುನ್ನೂರು ಜನರ ವೃತ್ತಾಂತವನ್ನು ಕಪ್ಪುಹಲಗೆಯ ಮೇಲೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು; ಉಳಿದುದನ್ನು ಮುಂದಿನ ಸೋಮವಾರ ಮುಂದುವರಿಸಿದೆವು.